ಬಾಗಿಲಿಗೆ ಅಂಟದ ಬೋರ್ಡು

ಗಾಡಿಯ ಬೋರ್ಡಿನ ಮೂಲೆಗೆ ಉಗುರು ಹಾಕಿ ಎಬ್ಬಿಸಿದೆ. ಕೆಳಗೆ ಟೇಪು ಕಂಡಿತು.

"ಅಮ್ಮಾ, ಅದನ್ನ ಮುಟ್ಬೇಡಿ," ಅಂದ ಮೇಸ್ತ್ರಿ.

"ಯಾಕಪ್ಪಾ, ಶಾಕ್ ಹೊಡಿಯುತ್ತಾ?"

ಅವನು ನಗಲಿಲ್ಲ. ಡೇನ್ ಕ್ರಾಟ್ಸ್ ಅಂತ ಅವನ ಹೆಸರು. ಹತ್ತು ವರ್ಷದಿಂದ ಕೋಲ್ಡ್‌ಮೋರ್ ಕಂಪನಿಯ ಮೇಸ್ತ್ರಿ ಅನ್ನುವುದು ನನಗೂ ಗೊತ್ತು, ನನಗೆ ಗೊತ್ತು ಅನ್ನುವುದು ಅವನಿಗೂ ಗೊತ್ತು. ಆದರೂ ಅವನ ಹೆಲ್ಮೆಟ್ಟಿನ ಮೇಲೆ 'ಬ್ಲೆಡ್ಸೋ ಕಾಂಕ್ರೀಟ್' ಅಂತ ಹೊಸ ಸ್ಟಿಕರ್ ಕೂತಿತ್ತು. ಅದರ ಅಂಚಿನಿಂದ ಹಳೇ ಸ್ಟಿಕರಿನ ನೀಲಿ ಇಣುಕುತ್ತಿತ್ತು.

ಗಾಡಿಯ ಬಾಗಿಲಿನ ಬೋರ್ಡಿನ ಮೇಲೂ ಅದೇ ಹೆಸರು. ಇದು ನಮ್ಮ ಕಸುಬಿನಲ್ಲಿ ಹಳೇ ನಾಟಕ. ದೊಡ್ಡ ಕಂಪನಿಯ ಗಾಡಿಗೆ ಅಯಸ್ಕಾಂತದ ಬೋರ್ಡು ಮೆತ್ತಿದರೆ ಅದು ಸಣ್ಣ ಕಂಪನಿಯ ಗಾಡಿ. ಇನ್‌ಸ್ಪೆಕ್ಟರ್ ಬೀದಿ ದಾಟಿದ ಕೂಡಲೇ ಕಿತ್ತು ಸೀಟಿನ ಕೆಳಗೆ ತುರುಕಿದರಾಯಿತು.

ಎಡವಟ್ಟಾಗಿದ್ದು ಎಲ್ಲಿ ಅಂದರೆ, ಕೋಲ್ಡ್‌ಮೋರ್‌ನವರು ಈ ವರ್ಷ ಹೊಸ ಗಾಡಿ ಕೊಂಡಿದ್ದಾರೆ. ಹೊಸ ಗಾಡಿಯ ಮೈಯೆಲ್ಲ ಅಲ್ಯೂಮಿನಿಯಂ. ಅದಕ್ಕೆ ಅಯಸ್ಕಾಂತ ಹಿಡಿಯುವುದಿಲ್ಲ. ಯಾರೋ ಪುಣ್ಯಾತ್ಮ ಟೇಪು ತಂದು ಅಂಟಿಸಿದ್ದಾನೆ, ಅದೂ ಒಂದು ಮಳೆಗೆ ಸಡಿಲಾಗಿದೆ.

"ಬ್ಲೆಡ್ಸೋ ಅವರ ಗಾಡಿ ಇದು?" ಅಂತ ಕೇಳಿದೆ.

"ಹೂಂ. ಬಾಡಿಗೆಗೆ ತಗೊಂಡಿದಾರೆ."

"ಆಳುಗಳು?"

"ಅವರೂ ಬಾಡಿಗೆಗೇ."

"ನೀನು?"

ಕ್ರಾಟ್ಸ್ ಹೆಲ್ಮೆಟ್ ಸರಿ ಮಾಡಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಇದೇ ಇರಬೇಕು.

ನಾನು ವರ್ಲೀನ್ ಟಿಬ್ಸ್. ನಗರದ ಗುತ್ತಿಗೆ ತಪಾಸಣೆ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಸವೆಸಿದ್ದೇನೆ. ಮಂಡಿಯೂ ಸವೆದಿದೆ, ನಂಬಿಕೆಯೂ ಸವೆದಿದೆ. ಮಂಡಿಯನ್ನು ಆಗಸ್ಟಿನಲ್ಲಿ ಬದಲಾಯಿಸಿದರು. ಡಿಸೆಂಬರಿಗೆ ನಿವೃತ್ತಿ.

ಊರಿನ ಹಳೇ ಸೀಸದ ನೀರಿನ ಕೊಳವೆಗಳನ್ನೆಲ್ಲ ಕಿತ್ತು ಹೊಸದು ಹಾಕುವ ಗುತ್ತಿಗೆ ಕೋಲ್ಡ್‌ಮೋರ್‌ನದು. ನೂರಕ್ಕೆ ಮೂವತ್ತು ಪಾಲು ಕೆಲಸವನ್ನು ಹೆಂಗಸರ, ಕರಿಯರ, ಲ್ಯಾಟಿನೋಗಳ ಸಣ್ಣ ಕಂಪನಿಗಳಿಗೆ ಕೊಡಬೇಕು ಅನ್ನುವುದು ನಗರದ ನಿಯಮ. ಆ ಪಾಲಿನಲ್ಲಿ ಅಗೆದ ಕಾಲುದಾರಿಗಳಿಗೆ ಮತ್ತೆ ಕಾಂಕ್ರೀಟ್ ಹಾಕುವ ಕೆಲಸ ಜುವಾನೆಲ್ ಬ್ಲೆಡ್ಸೋ ಹೆಸರಿಗೆ ಬರೆದಿದ್ದರು. ಹದಿನೆಂಟು ದಿನದ ಹಿಂದೆ ಹೆಸರಿಲ್ಲದ ಪತ್ರವೊಂದು ಬಂತು: ಬ್ಲೆಡ್ಸೋ ಬರೀ ಹೆಸರಿನ ಕಂಪನಿ, ಕೆಲಸ ಮಾಡುವವರೇ ಬೇರೆ. ಇವತ್ತು ಮಧ್ಯಾಹ್ನ ಎರಡಕ್ಕೆ ವಿಚಾರಣೆ. ಹೆಸರು ಬಾಡಿಗೆಗೆ ಕೊಟ್ಟದ್ದು ನಿಜ ಅಂತಾದರೆ ಜುವಾನೆಲ್‌ಳನ್ನು ಆ ಸಣ್ಣ ಕಂಪನಿಗಳ ಪಟ್ಟಿಯಿಂದ ಹೊಡೆದು ಹಾಕುತ್ತಾರೆ. ಐದು ವರ್ಷ ನಗರದ ಒಂದು ಚದರ ಕಾಂಕ್ರೀಟನ್ನೂ ಅವಳು ಮುಟ್ಟುವ ಹಾಗಿಲ್ಲ. ಅಷ್ಟು ದಿನ ಅವಳ ಕಂಪನಿ ಉಳಿಯುವುದಿಲ್ಲ.

ಅವಳಿಗೆ ಒಂಬತ್ತು ವರ್ಷದ ಹಿಂದೆ ಆ ಪಟ್ಟಿ ಸೇರಲು ಪ್ರಮಾಣಪತ್ರ ಬರೆದುಕೊಟ್ಟವಳು ನಾನು. ಚರ್ಚಿನ ಹಾಡಿನ ಗುಂಪಿನಲ್ಲಿ ನನ್ನ ಪಕ್ಕ ನಿಲ್ಲುವವಳು ಅವಳು.

ಗುಂಡಿಯ ಹತ್ತಿರ ಸಲಿಕೆ ಹಿಡಿದು ನಿಂತಿದ್ದ ಒಬ್ಬ ಆಳನ್ನು ಕರೆದೆ. "ನಿನ್ನ ಯಜಮಾನರು ಯಾರಪ್ಪಾ?"

"ಬ್ಲೆಡ್ಸೋ, ಮೇಡಂ." ಬಾಯಿಪಾಠ ಒಪ್ಪಿಸಿದ ಹಾಗೆ ಹೇಳಿದ.

"ಹೇಗೆ, ಒಳ್ಳೆಯವರಾ?"

"ತುಂಬಾ ಒಳ್ಳೇವ್ರು. ಬ್ಲೆಡ್ಸೋ ಸಾರ್ ಯಾವತ್ತೂ ಬೈಯಲ್ಲ."

ಕ್ರಾಟ್ಸ್ ಕಣ್ಣು ಮುಚ್ಚಿಕೊಂಡ.

"ನಿಜ ಕಣಪ್ಪಾ," ಅಂದೆ. "ಬ್ಲೆಡ್ಸೋ ಸಾರ್ ಭಾನುವಾರ ಹಳದಿ ಹೂವಿನ ಟೋಪಿ ಹಾಕ್ಕೊಂಡು ಬಂದ್ರೆ ಇಡೀ ಚರ್ಚು ತಿರುಗಿ ನೋಡುತ್ತೆ."

ಬೇರೆ ದಿನವಾಗಿದ್ದರೆ ನಗುತ್ತಿದ್ದೆನೇನೋ. ಇವತ್ತು ಸಾಕಾಗಿತ್ತು. ಕೋಲು ಊರಿಕೊಂಡು ಕಾಲುದಾರಿಯ ಕಡೆ ನಡೆದೆ. ಟಾಲಿವರ್ ಬೀದಿಗೆ ಜೂನಿನಲ್ಲಿ ಒಮ್ಮೆ ಬಂದಿದ್ದೆ. ಆಗಲೂ ಇದೇ ಗಾಡಿ ಇಲ್ಲೇ ನಿಂತಿತ್ತು. ಆ ವಿಷಯ ಸದ್ಯಕ್ಕೆ ಬೇಡ.

ಜೇಬಿನಿಂದ ಪತ್ರ ತೆಗೆದು ಮತ್ತೆ ಓದಿದೆ. ಹೆಚ್ಚೇನಿಲ್ಲ, ನಾಲ್ಕೇ ಸಾಲು. 'ಬ್ಲೆಡ್ಸೋ ಬರೀ ಹೆಸರಿಗೆ. ಬೇಕಾದರೆ ಟಾಲಿವರ್ ಬೀದಿಗೆ ಹೋಗಿ ನೋಡಿ. ಪೊರಕೆಯ ಗೆರೆ ಉದ್ದಕ್ಕೆ ಎಳೆದಿದ್ದಾರೆ. ಹೆಸರೇ ಒತ್ತಿಲ್ಲ.'

ಹದಿನೆಂಟು ದಿನ ಈ ಪತ್ರವನ್ನು ಮೇಜಿನ ಮೇಲಿಟ್ಟುಕೊಂಡು ಓದಿದ್ದೆ. ಮೊದಲ ಎರಡು ಸಾಲಷ್ಟೇ ತಲೆಗೆ ಹೋಗಿತ್ತು. ಈಗ ಕಾಂಕ್ರೀಟಿನ ಮೇಲೆ ನಿಂತು ಓದಿದಾಗ ಉಳಿದೆರಡು ಸಾಲು ಕೈ ಹಿಡಿದು ಜಗ್ಗಿದವು.

ಬಗ್ಗಿ ನೋಡಿದೆ. ಹಸಿ ಕಾಂಕ್ರೀಟಿನ ಮೇಲೆ ಕೊನೆಗೆ ಪೊರಕೆ ಎಳೆಯುತ್ತಾರೆ, ಕಾಲು ಜಾರದಿರಲಿ ಅಂತ. ಜನ ನಡೆಯುವ ದಿಕ್ಕಿಗೆ ಅಡ್ಡಕ್ಕೆ ಎಳೆಯಬೇಕು. ಇಲ್ಲಿ ಉದ್ದಕ್ಕೆ ಎಳೆದಿದ್ದರು. ಚಳಿಗಾಲದಲ್ಲಿ ಹಿಮ ಬಿದ್ದರೆ ಈ ಬೀದಿಯ ಮುದುಕಿಯರು ಒಬ್ಬೊಬ್ಬರಾಗಿ ಸೊಂಟ ಮುರಿದುಕೊಳ್ಳುತ್ತಾರೆ. ಬೀದಿಯ ತುದಿತನಕ ಹೋದೆ. ಯಾವ ಚದರದ ಮೂಲೆಯಲ್ಲೂ ಹೆಸರಿನ ಅಚ್ಚಿಲ್ಲ.

ಹಾದಿಯಲ್ಲಿ ಹೋಗುವವರು ಯಾರಾದರೂ ಪೊರಕೆಯ ಗೆರೆ ನೋಡುತ್ತಾರಾ? ನನಗೂ ಗೊತ್ತಿರಲಿಲ್ಲ. ಒಂಬತ್ತು ವರ್ಷದ ಹಿಂದೆ, ಪ್ರಮಾಣಪತ್ರಕ್ಕೆ ಮುಂಚೆ ಅವಳ ಕೆಲಸ ನೋಡಲು ಹೋದಾಗ, ಮೊಣಕಾಲೂರಿ ಕೂತು ಹೇಳಿಕೊಟ್ಟವಳು ಒಬ್ಬಳೇ.

ಕಾರು ಹತ್ತುವಾಗ ತಿರುಗಿ ನೋಡಿದೆ. ಕ್ರಾಟ್ಸ್ ಆಗಲೇ ಫೋನ್ ಕಿವಿಗಿಟ್ಟಿದ್ದ.

* * *

ಜುವಾನೆಲ್‌ಳ ಕಾರ್ಖಾನೆ ಅಂದರೆ ರೈಲು ಸೇತುವೆಯ ಕೆಳಗಿನ ಎರಡು ಗ್ಯಾರೇಜು. ಮುಂದೆ ಅವಳ ಹಳೇ ಕೆಂಪು ಗಾಡಿ. ಅದರ ಬಾಗಿಲ ಮೇಲೆ ಹೆಸರನ್ನು ಬಣ್ಣದಲ್ಲಿ ಬರೆಸಿದ್ದಾಳೆ. ಟೇಪಿನ ಗೊಡವೆ ಇಲ್ಲ.

ಒಳಗೆ ಅವಳೊಬ್ಬಳೇ ಇದ್ದಳು. ವಿಚಾರಣೆಗೆ ಅಂತ ಚರ್ಚಿನ ನೀಲಿ ಕೋಟು ಹಾಕಿಕೊಂಡು, ಅದರ ಮೇಲೆ ಕೆಲಸದ ಏಪ್ರನ್ ಕಟ್ಟಿಕೊಂಡು, ಹಿತ್ತಾಳೆಯ ಅಚ್ಚನ್ನು ಹಳೇ ಟೂತ್‌ಬ್ರಷ್ಷಿನಿಂದ ಉಜ್ಜುತ್ತಿದ್ದಳು. ಅಂಗೈ ಅಗಲದ ಅಚ್ಚು. 'ಬ್ಲೆಡ್ಸೋ' ಅಂತ ಹೆಸರು, ಕೆಳಗೆ ವರ್ಷ. ಅವಳು ಹಾಕಿದ ಪ್ರತಿ ಕಾಲುದಾರಿಯ ಮೂಲೆಯಲ್ಲೂ ಅದು ಇರುತ್ತದೆ. ನಮ್ಮೂರಲ್ಲಿ ಕಾಂಕ್ರೀಟಿನವರ ಹಳೇ ಪದ್ಧತಿ ಅದು. ಈಗ ಯಾರೂ ಮಾಡುವುದಿಲ್ಲ, ಅವಳು ಬಿಟ್ಟಿಲ್ಲ.

"ಬಾ ಅಕ್ಕಾ. ಕೂತ್ಕೋ, ಆ ಕುರ್ಚಿ ಬೇಡ, ಅದರ ಕಾಲು ನಿನ್ನ ಕಾಲಿಗಿಂತ ಕಡೆ. ಊಟ ಆಯ್ತಾ? ಹುರಿದ ಮೀನಿದೆ."

"ಊಟಕ್ಕೆ ಬಂದಿಲ್ಲ ಕಣೇ."

"ಗೊತ್ತು. ಆದ್ರೂ ಕೇಳ್ಬೇಕಲ್ಲ."

ಪತ್ರವನ್ನು ಮೇಜಿನ ಮೇಲಿಟ್ಟೆ. "ಇದನ್ನ ಯಾರು ಬರೆದ್ರು ಅಂತ ಹದಿನೆಂಟು ದಿನ ಹುಡುಕಿದೆ. ನಿನಗೆ ಆಗದವರ ಪಟ್ಟಿ ಮಾಡಿದೆ. ಕೆಲಸ ಬಿಟ್ಟು ಹೋದವರ ಪಟ್ಟಿ ಮಾಡಿದೆ. ನಿನ್ನ ಪಟ್ಟಿ ಮಾಡ್ಲಿಲ್ಲ."

ಅವಳು ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಪೊರಕೆ ಗೆರೆ ಉದ್ದಕ್ಕಿದೆ ಅಂತ ಹೊಟ್ಟೆ ಉರಿದದ್ದು ಯಾರಿಗೆ ಜುವಾನೆಲ್? ಹೆಸರು ಒತ್ತಿಲ್ಲ ಅಂತ ನೋಡೋರು ಯಾರು? ನೀನೇ ಬರೆದಿದ್ದು."

"ಟೈಪ್ ಮಾಡಿದ್ದು," ಅಂದಳು. "ಲೈಬ್ರರಿಗೆ ಹೋಗಿ. ಒಂದು ಬೆರಳಲ್ಲಿ. ಒಂದು ಗಂಟೆ ಹಿಡೀತು."

"ಹುಚ್ಚು ಹಿಡಿದಿತ್ತಾ ನಿಂಗೆ? ನಿನ್ನ ಮೇಲೆ ನೀನೇ ದೂರು ಕೊಡೋದಾ?"

"ಬೇರೆ ಏನು ಮಾಡ್ಲಿ ಹೇಳು." ಈಗ ಬ್ರಷ್ಷು ಕೆಳಗಿಟ್ಟಳು. "ಫೆಬ್ರವರಿಲಿ ಕೋಲ್ಡ್‌ಮೋರ್‌ನೋರು ಬಂದು ನನ್ನ ಹೆಸರು ಬರ್ಕೊಂಡ್ರು. ಕೈ ಕುಲುಕಿದ್ರು. ಅವರಿಗೆ ಗುತ್ತಿಗೆ ಸಿಕ್ತು, ಫೋಟೋ ತೆಗೆಸ್ಕೊಂಡ್ರು. ಆಮೇಲೆ ಒಂದು ಫೋನ್ ಇಲ್ಲ. ನಾನೇ ಮಾಡಿದ್ರೆ ಮುಂದಿನ ತಿಂಗಳು ಅಂದ್ರು. ಮುಂದಿನ ತಿಂಗಳು ಕೇಳಿದ್ರೆ ಅದರ ಮುಂದಿನ ತಿಂಗಳು ಅಂದ್ರು. ಒಂದಿನ ಬಸ್ಸಲ್ಲಿ ಹೋಗ್ತಾ ಕಿಟಕಿಯಿಂದ ನೋಡ್ತೀನಿ, ನನ್ನ ಹೆಸರಿನ ಗಾಡಿ. ನಂದೇ ಹೆಸರು, ಅಕ್ಕಾ. ನಾನು ಬಸ್ಸಲ್ಲಿ."

"ನಮಗೆ ಹೇಳ್ಬೇಕಿತ್ತು."

"ಬರೆದೆ. ಎರಡು ಸಲ, ಸಹಿ ಹಾಕಿ ಬರೆದೆ. ದೊಡ್ಡ ಕಂಪನಿ ಮೇಲೆ ಸಣ್ಣೋರು ಕೊಟ್ಟ ದೂರು ನಿಮ್ಮ ಕಚೇರಿಲಿ ಎಲ್ಲಿಗೆ ಹೋಗುತ್ತೆ ಅಂತ ನೀನೇ ಹೇಳು."

ನನಗೆ ಗೊತ್ತು. ಕೆಳಗಿನ ಡ್ರಾಯರಿಗೆ ಹೋಗುತ್ತದೆ.

"ಅದೇ, ಸಣ್ಣ ಕಂಪನಿ ಕಳ್ಳ ಕಂಪನಿ ಅಂತ ಒಂದು ಚೀಟಿ ಹಾಕಿದ್ರೆ? ಇಪ್ಪತ್ತು ದಿನದಲ್ಲಿ ವಿಚಾರಣೆ ಆಗಲೇಬೇಕು, ನಿಮ್ಮ ರೂಲು. ಅದಕ್ಕೇ ಹಾಕ್ದೆ. ಯಾರಾದ್ರೂ ಒಬ್ರು ಆ ಬೀದಿಗೆ ಬಂದು, ಬಗ್ಗಿ ನೋಡ್ಲಿ ಅಂತ."

ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಅನ್ನುತ್ತಾರೆ. ಇಪ್ಪತ್ತಾರು ವರ್ಷ ಆ ಪೂಜಾರಿಯ ಗುಡಿಯಲ್ಲಿ ಗಂಟೆ ಬಾರಿಸಿದವಳು ನಾನು. ನನಗೆ ಅವಳ ಮುಖ ನೋಡಲು ಆಗಲಿಲ್ಲ, ಗೋಡೆಯ ಮೇಲೆ ನೇತು ಹಾಕಿದ್ದ ಕರಣೆಗಳನ್ನು ನೋಡಿದೆ. ಆರು ಮೊಳೆ, ಎರಡೇ ಕರಣೆ.

"ಉಳಿದೋರು ಎಲ್ಲಿ?"

"ಅರ್ನೆಟಾ ಬಸ್ ಓಡಿಸೋಕೆ ಹೋದ್ಲು. ಇನ್ನು ಮೂವರು ಏನು ಮಾಡ್ತಾರೋ ಗೊತ್ತಿಲ್ಲ, ಕೇಳೋಕೆ ನಾಚಿಕೆ ಆಗುತ್ತೆ. ಕೆಲಸ ಬರುತ್ತೆ ಅಂತ ಮಾತು ಕೊಟ್ಟಿದ್ದೆ."

"ಸರಿ, ಈಗ ನಾನು ನೋಡಿದೀನಲ್ಲ. ಟೇಪು ನೋಡ್ದೆ. ಆ ಆಳು ನಿನ್ನನ್ನ ಸಾರ್ ಅಂತಾನೆ. ಎರಡು ಗಂಟೆಗೆ ಇದನ್ನೇ ಹೇಳ್ತೀನಿ."

"ಸಾಲಲ್ಲ."

"ಯಾಕೆ ಸಾಲಲ್ಲ?"

ಅವಳು ಏಪ್ರನ್ನಿನಲ್ಲಿ ಕೈ ಒರೆಸಿಕೊಂಡು ಕಪಾಟಿನಿಂದ ಒಂದು ಕವರು ತೆಗೆದಳು. ಮೂರು ಹಾಳೆಯನ್ನು ನನ್ನ ಮುಂದೆ ಒಂದರ ಪಕ್ಕ ಒಂದು ಇಟ್ಟಳು. ನಮ್ಮ ಕಚೇರಿಯ ಹಸಿರು ಫಾರಂ, ಸ್ಥಳ ತಪಾಸಣೆ ವರದಿ. ಜೂನ್, ಜುಲೈ, ಆಗಸ್ಟ್, ಮೂರೂ ತಿಂಗಳ ಎರಡನೇ ಗುರುವಾರ. ಸ್ಥಳ, ಟಾಲಿವರ್ ಬೀದಿ. ಬ್ಲೆಡ್ಸೋ ಗಾಡಿ ಕಂಡಿತೇ, ಹೌದು. ಆಳುಗಳು ಇದ್ದರೇ, ಹೌದು. ಕಂಪನಿಯ ಒಡತಿ ಖುದ್ದಾಗಿ ಸ್ಥಳದಲ್ಲಿದ್ದಳೇ, ಹೌದು.

ಮೂರರ ಕೆಳಗೂ ನನ್ನ ಸಹಿ ಇತ್ತು.

"ನನ್ನ ಎರಡನೇ ಪತ್ರಕ್ಕೆ ನಿಮ್ಮ ಕಚೇರಿಯಿಂದ ಬಂದ ಉತ್ತರ ಇದು," ಅಂದಳು ಜುವಾನೆಲ್. "ನೀವು ಮೂರು ಸಲವೂ ಅಲ್ಲೇ ಇದ್ದಿರಿ, ನಮ್ಮ ಇನ್‌ಸ್ಪೆಕ್ಟರ್ ಕಣ್ಣಾರೆ ನೋಡಿದ್ದಾರೆ ಅಂತ. ಇವತ್ತು ಕೋಲ್ಡ್‌ಮೋರ್ ವಕೀಲ ಇದನ್ನೇ ಹಿಡ್ಕೊಂಡು ಬರ್ತಾನೆ. ಬ್ಲೆಡ್ಸೋ ತಾನೇ ನಿಂತು ನಮ್ಮ ಆಳುಗಳ ಕೈಲಿ ಕೆಲಸ ಮಾಡಿಸಿದ್ಲು, ಮೋಸ ಅವಳದ್ದು, ನಾವು ಅಮಾಯಕರು ಅಂತಾನೆ. ಅವರಿಗೆ ಒಂದು ಎಚ್ಚರಿಕೆ ಪತ್ರ. ನಂಗೆ ಐದು ವರ್ಷ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

"ಇದು ನಿನ್ನ ಕೈಗೆ ಬಂದು ಎಷ್ಟು ದಿನ ಆಯ್ತು?"

"ಸೆಪ್ಟೆಂಬರ್ ಮೊದಲ ವಾರ."

ಇವತ್ತು ಅಕ್ಟೋಬರ್ ಹದಿನೈದು.

"ಆರು ಭಾನುವಾರ ನಿನ್ನ ಪಕ್ಕ ನಿಂತು ಹಾಡಿದೀನಿ ಅಕ್ಕಾ," ಅಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. "ನೀನಾಗೇ ಹೇಳ್ತೀಯ ಅಂತ ಕಾಯ್ದೆ. ಯಾರೋ ಬಲವಂತ ಮಾಡಿರ್ಬೇಕು ಅಂದ್ಕೊಂಡೆ. ದುಡ್ಡು ತಗೊಂಡಿರ್ಬಹುದಾ ಅಂತಾನೂ ಒಂದು ಸಲ ಅಂದ್ಕೊಂಡೆ. ಆವತ್ತು ರಾತ್ರಿ ಅದಕ್ಕೆ ದೇವರ ಹತ್ರ ಕ್ಷಮೆ ಕೇಳ್ದೆ."

ನಾನು ಹಾಳೆಗಳನ್ನು ಹತ್ತಿರಕ್ಕೆ ಎಳೆದುಕೊಂಡೆ. ಕೈಗೆ ಕೆಲಸ ಬೇಕಿತ್ತು.

"ಜುವಾನೆಲ್, ಇದನ್ನ ನೋಡು. ಆಗಸ್ಟ್ ಎರಡನೇ ಗುರುವಾರ. ಆವತ್ತು ನಾನೆಲ್ಲಿದ್ದೆ?"

ಅವಳು ಲೆಕ್ಕ ಹಾಕಿದಳು. ಕಣ್ಣು ದೊಡ್ಡದಾಯಿತು. "ಆಸ್ಪತ್ರೇಲಿ. ಮಂಡಿ. ನಾನೇ ಸಾಯಂಕಾಲ ಸಾರು ತಂದಿದ್ನಲ್ಲ."

"ಇದು ನಂದಲ್ಲ. ಜುಲೈದೂ ನಂದಲ್ಲ, ಆ ತಿಂಗಳು ನಾನು ಈ ಬೀದಿ ಕಡೆ ತಲೆ ಹಾಕಿಲ್ಲ. ಯಾರೋ ನನ್ನ ಸಹಿ ಹಾಕಿದಾರೆ. ಎರಡನೇ ಗುರುವಾರ ವರದಿ ಹೋಗ್ಬೇಕು ಅಂತ ಕ್ಯಾಲೆಂಡರ್ ನೋಡಿ ಹಾಕ್ತಾ ಹೋಗಿದಾರೆ. ನಾನು ಬದುಕಿದೀನಾ ಸತ್ತಿದೀನಾ ಅಂತಾನೂ ನೋಡಿಲ್ಲ."

ಅವಳ ಮುಖದಲ್ಲಿ ಎಷ್ಟೋ ತಿಂಗಳ ನಂತರ ಏನೋ ಬೆಳಗಿತು. ನನಗೆ ಅದನ್ನು ನೋಡಿ ಸಂತೋಷವಾಗಬೇಕಿತ್ತು.

"ಆಸ್ಪತ್ರೆ ಕಾಗದ ಇದೆಯಲ್ಲ ಅಕ್ಕಾ?"

"ಮನೇಲಿದೆ."

"ಹಾಗಾದ್ರೆ ಒಂದು ಸುಳ್ಳಾದ್ರೆ ಮೂರೂ ಸುಳ್ಳು." ಆಮೇಲೆ ಅವಳ ಬೆರಳು ಮೊದಲನೇ ಹಾಳೆಗೆ ಬಂತು. "ಜೂನಿಂದು?"

ಜೂನಿನದು ನನ್ನದೇ.

ಆವತ್ತು ಸುಡುವ ಬಿಸಿಲು. ಮಂಡಿ ಬೆಂಕಿಯಾಗಿತ್ತು. ಟಾಲಿವರ್ ಬೀದಿಯಲ್ಲಿ ಕಾರು ನಿಲ್ಲಿಸಿದೆ, ಎಸಿ ಆರಿಸಲಿಲ್ಲ. ಗಾಡಿಯ ಮೇಲೆ ಬ್ಲೆಡ್ಸೋ ಅಂತ ಬೋರ್ಡು ಕಂಡಿತು. ಕೂತಲ್ಲೇ ಫಾರಂ ತೆಗೆದು 'ಹೌದು, ಹೌದು' ಅಂತ ಟಿಕ್ ಹಾಕಿದೆ. ನಮ್ಮ ಕಚೇರಿಯಲ್ಲಿ ಇದಕ್ಕೆ ಗಾಜಿನ ತಪಾಸಣೆ ಅನ್ನುತ್ತಾರೆ, ಕಾರಿನ ಗಾಜಿನೊಳಗಿಂದ ನೋಡುವುದು. ಎಲ್ಲರೂ ಮಾಡುತ್ತಾರೆ. ಒಡತಿ ಸ್ಥಳದಲ್ಲಿದ್ದಳೇ ಅನ್ನುವ ಕಡೆ ಪೆನ್ನು ಒಂದು ಗಳಿಗೆಯೂ ನಿಲ್ಲಲಿಲ್ಲ. ಜುವಾನೆಲ್‌ಳ ಕೆಲಸ ಅಂದಮೇಲೆ ಜುವಾನೆಲ್ ಇರದೆ ಎಲ್ಲಿ ಹೋಗುತ್ತಾಳೆ? ಅವಳನ್ನು ಅಷ್ಟು ನಂಬಿದ್ದೆ. ಆ ನಂಬಿಕೆಯೇ ಈಗ ಅವಳ ಕುತ್ತಿಗೆಗೆ ಬಂದಿತ್ತು.

"ಜೂನಿಂದು ನೀನೇ ಬರೆದಿದ್ದಾ?"

"ಹೂಂ."

"ಕಾರಿಂದ ಇಳಿದಿದ್ಯಾ?"

ನನ್ನ ವಯಸ್ಸು ಅರವತ್ತೊಂದು. ಸುಳ್ಳು ಹೇಳುವವರನ್ನು ಹಿಡಿಯುವುದೇ ನನ್ನ ಕೆಲಸ. ಬಾಯಿ ತಾನಾಗಿ ಹೇಳಿಬಿಟ್ಟಿತು.

"ಇಳಿದಿದ್ದೆ. ದೂರದಲ್ಲಿ ಯಾರೋ ಹೆಂಗಸು ಹೆಲ್ಮೆಟ್ ಹಾಕ್ಕೊಂಡು ನಿಂತಿದ್ಲು. ನೀನೇ ಅಂದ್ಕೊಂಡೆ."

ಜುವಾನೆಲ್ ನಿಟ್ಟುಸಿರು ಬಿಟ್ಟಳು. ನನ್ನ ಕೈ ಮೇಲೆ ಕೈಯಿಟ್ಟಳು. ಒರಟು ಕೈ, ಬೆಚ್ಚಗಿತ್ತು. "ಅಷ್ಟೇ ತಾನೇ. ಕಣ್ಣು ತಪ್ಪೋದು ಎಲ್ರಿಗೂ ಆಗುತ್ತೆ. ಅದನ್ನೇ ಹೇಳ್ಬಿಡು."

ಆಗ ಫೋನು ಹೊಡೆದುಕೊಂಡಿತು. ಡೆಲ್‌ರಾಯ್ ಕ್ವಾರ್ಲ್ಸ್. ಇಪ್ಪತ್ತು ವರ್ಷ ನನ್ನ ಪಕ್ಕದ ಮೇಜಿನಲ್ಲಿ ಕೂತು, ಆಮೇಲೆ ನನ್ನ ತಲೆ ಮೇಲೆ ಕೂತವನು. ಈಗ ವಿಭಾಗದ ಉಪನಿರ್ದೇಶಕ. ಮಂಡಿ ಆಪರೇಷನ್‌ಗೆ ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋದವನೂ ಅವನೇ. ನನ್ನ ಕಿವಿ ಮಂದ, ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ. ಅಭ್ಯಾಸಬಲದಿಂದ ಒತ್ತಿ ಮೇಜಿನ ಮೇಲಿಟ್ಟೆ.

"ಮಂಡಿ ಹೇಗಿದೆ, ವರ್ಲೀನ್?"

"ಮಳೆ ಬರುತ್ತೆ ಅಂತಿದೆ. ವಿಷಯ ಹೇಳು."

"ಟಾಲಿವರ್ ಬೀದಿಗೆ ಹೋಗಿದ್ಯಂತೆ."

"ಕ್ರಾಟ್ಸ್ ಚಾಡಿ ಹೇಳೋದು ನಿನ್ನ ಹತ್ರಾನಾ? ನಾನು ಅವನ ಯಜಮಾನರ ಹತ್ರ ಅಂದ್ಕೊಂಡಿದ್ದೆ."

ಅವನು ಕೆಮ್ಮಿದ. "ಇವತ್ತು ಕಷ್ಟ ಮಾಡ್ಕೋಬೇಡ. ವಕೀಲರು ಮೂರು ಕಾಗದ ತೋರಿಸ್ತಾರೆ. ಇದು ನಿಮ್ಮ ಸಹೀನಾ ಅಂತಾರೆ. ಹೌದು ಅನ್ನು. ಮೂರು ಸಲ ಹೌದು, ಆಮೇಲೆ ಮನೆಗೆ ಹೋಗಿ ಕಾಲು ಮೇಲಿಟ್ಕೊಂಡು ಮಲ್ಕೋ."

"ಡೆಲ್‌ರಾಯ್, ಆಗಸ್ಟ್ ಎರಡನೇ ಗುರುವಾರ ನಾನೆಲ್ಲಿದ್ದೆ ಅಂತ ನೆನಪಿದೆಯಾ? ನೀನೇ ಬಿಟ್ಟು ಬಂದಿದ್ದೆ."

 ಜುವಾನೆಲ್ ಫೋನಿನ ಕಡೆ ಬಗ್ಗಿದಳು. ಸೇತುವೆಯ ಮೇಲೆ ಗೂಡ್ಸ್ ಗಾಡಿಯೊಂದು ಹೋಯಿತು, ಮೇಜಿನ ಮೇಲಿನ ಅಚ್ಚು ನಡುಗಿತು.

"ನೆನಪಿದೆ," ಅಂದ ಕ್ವಾರ್ಲ್ಸ್, ಸುಸ್ತಾದವನ ಹಾಗೆ. "ಜೂನ್ ಎರಡನೇ ಗುರುವಾರ ನೀನೆಲ್ಲಿದ್ದೆ ಅಂತಾನೂ ಗೊತ್ತಿದೆ. ಕಚೇರಿ ಕಾರುಗಳಿಗೆಲ್ಲ ಜಾಡು ಹಿಡಿಯೋ ಯಂತ್ರ ಕೂರಿಸಿರೋದು ನೀನು ಮರೆತಿರ್ಬೇಕು. ಟಾಲಿವರ್ ಬೀದಿಲಿ ನಿನ್ನ ಕಾರು ನಾಲ್ಕು ನಿಮಿಷ ನಿಂತಿದೆ, ವರ್ಲೀನ್. ಇಂಜಿನ್ ಆರಿಲ್ಲ. ಬಾಗಿಲು ತೆರೆದಿಲ್ಲ. ಆಗಸ್ಟಿಂದು ಸುಳ್ಳು ಅಂತ ನೀನು ಬಾಯಿ ಬಿಟ್ರೆ ನಾನು ಜೂನಿಂದೂ ತೆಗೀಬೇಕಾಗುತ್ತೆ. ಡಿಸೆಂಬರ್ ಎರಡೇ ತಿಂಗಳು. ಯೋಚನೆ ಮಾಡು."

ನನ್ನ ಕೈ ಮೇಲಿದ್ದ ಕೈ ಸರಿಯಿತು.

ತಲೆ ಎತ್ತುವ ಧೈರ್ಯ ನನಗಾಗಲಿಲ್ಲ. ಅವಳು ಎದ್ದ ಸದ್ದು ಕೇಳಿಸಿತು. ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದಳು. ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕಿಟ್ಟಳು, ಮೂರು ಹಾಳೆಯನ್ನೂ ಅದರ ಮೇಲೆ ಮಡಿಸಿಟ್ಟಳು. ಗೋಡೆಯ ಗಡಿಯಾರದಲ್ಲಿ ಒಂದು ಇಪ್ಪತ್ತು.

"ಜುವಾನೆಲ್," ಅಂದೆ.

ಅವಳು ಬಾಗಿಲ ಹತ್ತಿರ ನಿಂತಳು.

"ನಾನು ಹೊರಟೆ ಅಕ್ಕಾ. ನೀನು ಬರ್ತೀಯೋ ಬಿಡ್ತೀಯೋ ನಿಂಗೆ ಬಿಟ್ಟಿದ್ದು. ಬಂದ್ರೆ, ಈ ಸಲನಾದ್ರೂ ಕಾರಿಂದ ಇಳಿ."

ಹೊರಗೆ ಕೆಂಪು ಗಾಡಿ ಎರಡು ಸಲ ಕೆಮ್ಮಿ ಮೂರನೇ ಸಲಕ್ಕೆ ಸ್ಟಾರ್ಟ್ ಆಯಿತು. ನಾನು ಕೋಲಿಗೆ ಕೈ ಚಾಚಿದೆ.

ಫೋನು ಇನ್ನೂ ಕಟ್ ಆಗಿರಲಿಲ್ಲ.

"ವರ್ಲೀನ್," ಅಂದ ಕ್ವಾರ್ಲ್ಸ್, "ನಿನ್ನ ಜೊತೆ ಯಾರಿದ್ರು?"